ಎರಡು ಪುಟ ಹಿಂದೆ

ಮಾವನ ಪೈಜಾಮದ ಒಂದು ಕಾಲನ್ನಷ್ಟೇ ತಂತಿಗೆ ಸಿಕ್ಕಿಸಿದ್ದಳು, ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಇನ್ನೊಂದು ಕಾಲು ಗಾಳಿಗೆ ಒದೆಯುತ್ತಿರಲೆಂದು ಬಿಟ್ಟು ಒದ್ದೆ ಕೈಯಲ್ಲೇ ಎತ್ತಿಕೊಂಡಳು.

ಮಾವನ ಹಳೆಯ ಶಿಷ್ಯ. ರೈಲು ನಿಲ್ದಾಣದ ದೊಡ್ಡ ಗಡಿಯಾರದೆದುರು ಏಣಿಯ ಮೇಲೆ ನಿಂತಿದ್ದನಂತೆ. ಅದು ಒಂಬತ್ತಕ್ಕೆ ಹನ್ನೊಂದು ಗಂಟೆ ಬಾರಿಸುತ್ತಿದೆಯಂತೆ, ಜನ ರೈಲು ತಪ್ಪಿತೆಂದು ಬಿದ್ದೆದ್ದು ಓಡಿಬರುತ್ತಿದ್ದಾರಂತೆ. ಹಿಂದೊಮ್ಮೆ ಹೀಗೇ ಆಗಿತ್ತಲ್ಲ, ಆಗ ಹೇಗೆ ಸರಿಮಾಡಿದ್ದರು ಅಂತ ಗುರುಗಳನ್ನ ಕೇಳಿ ಅಂದ.

ಗುರುಗಳು ಐವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವರು. ಈಗಲೂ ವರಾಂಡದ ಮೇಜಿನ ಮುಂದೆ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಕೂತಿರುತ್ತಾರೆ. ಆ ಮೇಜಿಗಿದ್ದ ಬಿಗಿ ಮನೆಯ ಬೀಗಕ್ಕೂ ಇರಲಿಲ್ಲ; ಧೂಳು ಒರೆಸಲು ಹೋದ ಸೊಸೆಗೂ “ಮುಟ್ಬೇಡ” ಎಂಬುದೇ ಮಾತು.

ತಲೆಯೆತ್ತದೆ ಅಂದರು: “ಬರೆದಿಟ್ಟಿದೀನಿ. ಯಾವ ಪುಸ್ತಕದಲ್ಲಿ ಅಂತ ಮಾತ್ರ ಕೇಳ್ಬೇಡಮ್ಮ.”

ಪುಸ್ತಕಗಳು ಇಪ್ಪತ್ತಮೂರು. ಹೋದ ವರ್ಷವಿಡೀ ಅಡುಗೆ, ಪಾತ್ರೆಗಳ ನಡುವೆ ಸಮಯ ಕದ್ದು ಅವನ್ನೆಲ್ಲ ಅವಳು ಸ್ಕ್ಯಾನ್ ಮಾಡಿದ್ದಳು. ರಿಪೇರಿಯ ಟಿಪ್ಪಣಿಗಳನ್ನಷ್ಟೇ ಆರಿಸಿ ಟೈಪ್ ಮಾಡಿ, ಒಂದೊಂದರ ನೆತ್ತಿಯ ಮೇಲೂ ಮಾವ ಹಾಕಿದ್ದ ಪುಟಸಂಖ್ಯೆ ಬರೆದಿದ್ದಳು. ಪದ ಹಾಕಿದರೆ ಕಂಪ್ಯೂಟರಿನ ಹುಡುಕುವ ಪೆಟ್ಟಿಗೆ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಪುಸ್ತಕದ ಹೆಸರು ಹೇಳುತ್ತಿತ್ತು. ಆಮೇಲಿನದೆಲ್ಲ ಅವಳ ಪಾಡು. ಬೀದಿಯ ತುದಿಯವರೆಗೆ ಬಂದು “ಅದೋ ಅಲ್ಲೇ ಮನೆ” ಎಂದು ಮಾಯವಾಗುವವರ ಹಾಗೆ. ಸ್ಕ್ಯಾನು ಯಾವಾಗ ತೆರೆದರೂ ರಟ್ಟೇ ಎದುರಾಗುತ್ತಿತ್ತು, ಅಲ್ಲಿಂದ ಪುಟ ತಳ್ಳುತ್ತ ಹೋಗಬೇಕು. ಚಿತ್ರಗಳಿದ್ದದ್ದು ಸ್ಕ್ಯಾನಿನಲ್ಲಿ ಮಾತ್ರ. ಚಿತ್ರವಿಲ್ಲದೆ ಗಡಿಯಾರದ ಮಾತು ಯಾರಿಗೆ ಅರ್ಥವಾದೀತು?

ಕಂಪ್ಯೂಟರಿನ ಮುಂದೆ ಕೂತು ಪೆಟ್ಟಿಗೆಯ ಮೇಲೆ ಕ್ಲಿಕ್ ಮಾಡಿದ್ದೇ ಹಿಂದೆ ಹುಡುಕಿದ್ದೆಲ್ಲ ಸಾಲಾಗಿ ಇಳಿಯಿತು. ಮೇಲಿನ ಮೂರು ಅವಳದಲ್ಲ.

ತಾತ ಯಾವಾಗ ಕಲಿಸ್ತಾರೆ.
ಎಂಟು ವರ್ಷ ಸಾಕಾ.
ಹುಡುಗೀರಿಗೂ ಕಲಿಸ್ತಾರಾ.

ಅವಳ ಎದೆ ಮೆತ್ತಗಾಯಿತು. ಎಂಟು ವರ್ಷದ ಮಗಳು ಹೆಜ್ಜೆಯ ಸದ್ದಿಲ್ಲದೆ ಓಡಾಡುವವಳು. ಅದಕ್ಕೇ ತಾತ ಬೆಕ್ಕಿನಮರಿ ಎಂದು ಹೆಸರಿಟ್ಟಿದ್ದರು, ಕರೆಯುವಾಗ ಬರೀ ಮರಿ. ಮೂರು ದಿನದಿಂದ ವರಾಂಡದ ಬಾಗಿಲಿಗೆ ಒರಗಿ ನಿಂತು ನಿಂತು ಒಳಗೆ ಬರುತ್ತಿದ್ದುದು ಇದಕ್ಕಾ? ತಾತನ ಪುಸ್ತಕಗಳೆಲ್ಲ ಆ ಪೆಟ್ಟಿಗೆಯಲ್ಲಿರುವಾಗ ಉತ್ತರವೂ ಅಲ್ಲೇ ಇರಬೇಕು ಎಂದುಕೊಂಡಿತ್ತು ಮಗು. ಮೂರಕ್ಕೂ ಸಿಕ್ಕಿದ್ದು ಸೊನ್ನೆ.

ಮಾವನಿಗೆ ತಾನೇ ಒಂದು ಮಾತು ಹೇಳಿಬಿಡೋಣ ಅನ್ನಿಸಿತು. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡಳು. ಇವತ್ತು ತಾನು ಕೇಳಿಕೊಟ್ಟರೆ ನಾಳೆಯೂ ತಾನೇ ಕೇಳಬೇಕಾಗುತ್ತದೆ.

“ನಿಲ್ದಾಣ” ಎಂದು ಹಾಕಿದರೆ ಹನ್ನೊಂದು ಕಡೆ ಸಿಕ್ಕಿತು. ಹನ್ನೊಂದು ಸಲ ರಟ್ಟಿನಿಂದ ಪುಟ ತಳ್ಳುವುದೇ? ಶಿಷ್ಯ ಏಣಿಯ ಮೇಲೇ ಮುದುಕನಾಗುತ್ತಾನೆ. ಬಹಳ ದಿನದಿಂದ ಮಾಡಬೇಕೆಂದುಕೊಂಡಿದ್ದ ಕೆಲಸಕ್ಕೆ ಕೈಹಾಕಿದಳು. ಸಿಕ್ಕ ಸಾಲಿನ ಮೇಲೆ ಒತ್ತಿದರೆ ಟೈಪ್ ಮಾಡಿದ ಬರಹ ಅದೇ ಸಾಲಿಗೆ ತೆರೆಯಬೇಕು, ಪಕ್ಕದಲ್ಲೇ ಸ್ಕ್ಯಾನು ಅದೇ ಪುಟಕ್ಕೆ. ನಾಲ್ಕಾರು ಸಾಲಿನ ಆಜ್ಞೆ, ಎರಡು ಸಲ ತಪ್ಪಿತು, ಮೂರನೆಯ ಸಲ ಒಪ್ಪಿಕೊಂಡಿತು. ಬಕೆಟ್ಟಿನ ಬಟ್ಟೆ ಮುದುರಿಕೊಂಡೇ ಕಾಯುತ್ತಿತ್ತು. ಮರಿ ಯಾವಾಗಲೋ ಬಂದು ಅವಳ ಮೊಣಕೈ ಪಕ್ಕ ನಿಂತಿತ್ತು.

ಮೊದಲನೆಯದನ್ನು ಒತ್ತಿದಳು: ಒಂದನೇ ಪುಸ್ತಕ, ಪುಟ ಮೂರು. ಎಡಗಡೆ ಬರಹ ಸರಿಯಾದ ಸಾಲಿಗೇ ತೆರೆಯಿತು. ಬಲಗಡೆ ಗಡಿಯಾರವೂ ಇಲ್ಲ, ಚಿತ್ರವೂ ಇಲ್ಲ. ಬರೀ ನಾಲ್ಕು ಸಾಲು, ಹುಡುಗನಾಗಿದ್ದ ಮಾವನ ಗುಂಡು ಅಕ್ಷರ.

“ಅಮ್ಮಾ, ಇದು ಒಂದನೇ ಪುಟ,” ಎಂದಳು ಮರಿ, ಮೂಲೆಯ ಅಂಕಿಗೆ ಬೆರಳಿಟ್ಟು.

ನಿಜ. ರಟ್ಟನ್ನೂ ಮೊದಲ ಖಾಲಿ ಪುಟವನ್ನೂ ಸ್ಕ್ಯಾನು ಲೆಕ್ಕಕ್ಕೆ ಹಿಡಿದಿತ್ತು, ಮಾವ ಹಿಡಿದಿರಲಿಲ್ಲ. ಎಲ್ಲವೂ ಎರಡು ಪುಟ ಹಿಂದೆ ತೆರೆಯುತ್ತಿತ್ತು. ರಿಪೇರಿಯ ಮಾತಿಲ್ಲವೆಂದು ಈ ಪುಟವನ್ನು ಅವಳು ಟೈಪ್ ಮಾಡಿರಲೇ ಇಲ್ಲ. ಪೆಟ್ಟಿಗೆಗೆ ಇದು ಸಿಗುವುದಾದರೂ ಹೇಗೆ?

ಮರಿ ತುಟಿಯಲ್ಲೇ ಓದಿಕೊಂಡಳು. “ಮೂರು ದಿನ ಅಂಗಡಿ ಬಾಗಿಲವರೆಗೆ ಹೋಗಿ ವಾಪಸ್ ಬಂದೆ. ಇಂದು ಕೇಳಿಯೇಬಿಟ್ಟೆ, ನನಗೂ ಕಲಿಸುತ್ತೀರಾ ಎಂದು. ಬೈಯುತ್ತಾರೆ ಎಂದುಕೊಂಡಿದ್ದೆ. ಕೈ ತೊಳೆದುಕೊಂಡು ಬಾ ಎಂದರು.”

ಮಗಳ ಕಡೆ ನೋಡದೆ ಅವಳು ಆಜ್ಞೆಗೆ ಎರಡು ಕೂಡಿಸಿದಳು. ಒಂದೊಂದಾಗಿ ಒತ್ತುತ್ತ ಹೋದಳು; ಏಳನೆಯದಕ್ಕೆ ನಿಲ್ದಾಣದ ಗಡಿಯಾರ ಹಲ್ಲುಚಕ್ರ ಸಮೇತ ಎದುರು ಬಂತು, ಯಾವ ಸನ್ನೆಗೋಲು ಎತ್ತಬೇಕೆಂಬ ಬಾಣದ ಗುರುತಿನೊಂದಿಗೆ. ಶಿಷ್ಯನಿಗೆ ಕಳಿಸಿದಳು. ಸ್ವಲ್ಪ ಹೊತ್ತಿಗೆ ಫೋನಿನಲ್ಲಿ ಗಂಟೆಯ ಸದ್ದೇ ಬಂತು. ಇಬ್ಬರೂ ಉಸಿರುಹಿಡಿದು ಎಣಿಸಿದರು. ಹತ್ತು. ಗೋಡೆಯ ಗಡಿಯಾರದಲ್ಲೂ ಹತ್ತೇ.

ತಿರುಗಿ ನೋಡಿದರೆ ಪಕ್ಕದಲ್ಲಿ ಮರಿ ಇಲ್ಲ. ಬಚ್ಚಲಲ್ಲಿ ನಲ್ಲಿ ಸುರಿಯುತ್ತಿತ್ತು, ಸೋಪು ಕೈಜಾರಿ ಬಿದ್ದ ಸದ್ದು, ಮತ್ತೆ ನಲ್ಲಿ. ಆಮೇಲೆ ಆ ಮನೆಯಲ್ಲಿ ಹಿಂದೆಂದೂ ಕೇಳದಷ್ಟು ಜೋರಾಗಿ ಪುಟ್ಟ ಹೆಜ್ಜೆಗಳು ವರಾಂಡದ ಕಡೆ ಓಡಿದವು. ಅವಳು ಬಕೆಟ್ಟನ್ನೆತ್ತಿಕೊಂಡು ಬಾಗಿಲ ಮರೆಯಲ್ಲೇ ನಿಂತುಬಿಟ್ಟಳು.

ನೀರು ತೊಟ್ಟಿಕ್ಕುವ ಎರಡೂ ಅಂಗೈ ಮೇಜಿನ ಎದುರು ಚಾಚಿಕೊಂಡವು.

“ತಾತ, ನಂಗೂ ಕಲಿಸ್ತೀಯಾ?”