ಅರ್ಧ ಮ್ಯಾಚಿನ ಪದ್ಮಯ್ಯ

"ಪಾರ್ಲಿಮೆಂಟಿನ ಮುಖ ನೋಡ್ದೇನೇ ರಾಜೀನಾಮೆ ಕೊಟ್ಟವ್ರೆ ಕಣಯ್ಯ ಪ್ರಧಾನಿ!" ನಂಜಪ್ಪ ಪೇಪರನ್ನು ಮಡಿಚಿ ತೊಡೆಗೆ ಬಡಿದ. "ಆದ್ರೆ ಅದೇನು ನಮ್ಗೆ ಹೊಸ್ದಲ್ಲ ಬಿಡು. ನಮ್ಮಲ್ಲೇ ಒಬ್ರು ಅವ್ರೆ. ಹನ್ನೆರಡು ವರ್ಷದಿಂದ ಒಂದು ಮ್ಯಾಚಿನ ಕೊನೆ ಕಂಡೋರಲ್ಲ, ಕ್ಲಬ್ಬಿನ ಕಮಿಟೀಲಿ ಮಾತ್ರ ಖಾಯಂ ಮೆಂಬರು."

ಮರಿಯಣ್ಣನ ಸೈಕಲ್ ಶಾಪಿನಲ್ಲಿ ಕೂತಿದ್ದವರೆಲ್ಲ ಗೊಳ್ಳೆಂದು ನಕ್ಕರು. ಪಂಕ್ಚರ್ ಹಾಕಿಸಲು ಬಂದಿದ್ದ ಯಾರೋ ಅಪರಿಚಿತನೂ ಏನೂ ತಿಳಿಯದೆ ನಕ್ಕ. ಪದ್ಮಯ್ಯನಿಗೆ ಮೈ ಉರಿದುಹೋಯಿತು. ಮಾತು ತನ್ನ ಬಗ್ಗೆಯೇ ಎಂದು ಗೊತ್ತಿದ್ದೂ ಸೈಕಲ್ಲಿನ ಬೆಲ್ಲನ್ನು ಸುಮ್ಮನೆ ತಿರುಗಿಸುತ್ತ ನಿಂತ.

ಅರಸೀಕೆರೆ ಜಂಕ್ಷನ್ ಫುಟ್‌ಬಾಲ್ ಕ್ಲಬ್ ಆ ವರ್ಷ ಲೀಗಿನಲ್ಲಿ ಎಂಟು ಪಂದ್ಯ ಆಡಿ ಎಂಟನ್ನೂ ಸೋತಿತ್ತು. ಸೋತದ್ದೆಲ್ಲ ಎರಡನೇ ಅರ್ಧದಲ್ಲಿ. ಮೊದಲ ಅರ್ಧದಲ್ಲಿ ಹುಡುಗರು ಸಮನಾಗಿ ನಿಲ್ಲುತ್ತಿದ್ದರು, ಒಮ್ಮೊಮ್ಮೆ ಒಂದು ಗೋಲು ಮುಂದೆಯೂ ಇರುತ್ತಿದ್ದರು. ಆಮೇಲೆ ಏನಾಗುತ್ತಿತ್ತೆಂಬುದನ್ನು ಪದ್ಮಯ್ಯ ಕಣ್ಣಾರೆ ಕಂಡವನಲ್ಲ. ಲೋಕೋ ಶೆಡ್ಡಿನಲ್ಲಿ ದುಡಿಯುವ ಆಟಗಾರರ ಪಾಳಿ ಬಿಡುವುದು ಮೂರೂವರೆಗೆ, ಆಟ ಶುರುವಾಗುವುದು ನಾಲ್ಕಕ್ಕೆ. ಪದ್ಮಯ್ಯನದು ಹಳೇಬೀಡಿನ ಬಳಿಯ ಬಸ್ತಿಹಳ್ಳಿಯಿಂದ ಬಂದ ಜೈನ ಮನೆತನ. ಸೂರ್ಯ ಮುಳುಗುವುದಕ್ಕೆ ಎರಡು ಗಳಿಗೆ ಮುಂಚೆಯೇ ಊಟ ಮುಗಿಯಬೇಕು. ಮುಗಿಯದಿದ್ದರೆ ಮರುದಿನ ಹೊತ್ತು ಹುಟ್ಟುವ ತನಕ ತೊಟ್ಟು ನೀರೂ ಇಲ್ಲ. ಹಾಗಾಗಿ ಅರ್ಧಕಾಲದ ಸೀಟಿ ಊದಿದ್ದೇ ತಡ, ಅವನ ಸೈಕಲ್ಲು ಪೇಟೆಯಲ್ಲಿದ್ದ ಮನೆಯ ದಾರಿ ಹಿಡಿಯುತ್ತಿತ್ತು. ಮಿಕ್ಕ ಅರ್ಧದ ಸಮಾಚಾರ ಮರುದಿನ ಈ ಶಾಪಿನಲ್ಲಿ ಸಿಗುತ್ತಿತ್ತು.

"ಮೊನ್ನೆ ನಾನು ನೋಡೋವರ್ಗೂ ಬೀರೂರಿನವ್ರಿಗೆ ಒಂದು ಗೋಲೂ ಕೊಟ್ಟಿರ್ಲಿಲ್ಲ ಕಣ್ರೀ ನಮ್ಮ ಹುಡುಗ್ರು" ಎಂದ ಪದ್ಮಯ್ಯ.

"ನೀವು ನೋಡೋದು ಯಾವಾಗ್ಲೂ ಚಂದಾಗೇ ಇರ್ತೈತೆ!" ಕೊಬ್ಬರಿ ಮಂಡಿಯ ದಲ್ಲಾಳಿ ರೇವಣಸಿದ್ದಪ್ಪ ಕೈ ಬೀಸಿದ. "ಆಮೇಕೆ ಆ ಇಂದುಧರ ಗೋಲಲ್ಲಿ ನಿಂತ್ಕಂಡು ನಿದ್ದೆ ಹೊಡೆದ. ಮೂರು ಬಾಲು ಅವನ ಕಾಲಡೀಲೇ ಹೋದ್ವು. ಮೊದಲ್ನೇದು ಆಫ್‌ಸೈಡು ಬೇರೆ. ರೆಫ್ರಿ ಯಾವ ಪಾರ್ಟಿಯೋನು ಅಂತ ಊರಿಗೇ ಗೊತ್ತು."

"ರೆಫ್ರಿಗೂ ಪಾರ್ಟಿಗೂ ಏನ್ಲಾ ಸಂಬಂಧ? ಒಂದಿದ್ದ ನಿಮ್ಮ ಕಾಂಗ್ರೆಸ್ಸು ಎರಡಾಗೈತಲ್ಲ, ಅದಕ್ಕೆ ಯಾವ ರೆಫ್ರಿ ಸೀಟಿ ಊದಿದ್ದ?" ಎಂದು ನಂಜಪ್ಪ ಮೇಲೆ ಬಿದ್ದ. ನಂಜಪ್ಪ ಶೆಡ್ಡಿನಲ್ಲಿ ಫಿಟ್ಟರು, ಎಪ್ಪತ್ತೇಳರಿಂದ ಜನತಾ ಪಕ್ಷದವನು. ಈಗ ಅವನ ಪಕ್ಷವೂ ಡೆಲ್ಲಿಯಲ್ಲಿ ಚೂರುಚೂರಾಗಿತ್ತು. ಆ ಸಂಕಟವನ್ನೆಲ್ಲ ಅವನು ಕ್ಲಬ್ಬಿನ ಮೇಲೆ ತೀರಿಸಿಕೊಳ್ಳುತ್ತಿದ್ದ. ಕ್ಲಬ್ಬನ್ನು ಮುಚ್ಚಿ ಮೈದಾನವನ್ನು ಕ್ರಿಕೆಟ್ ಆಡುವವರಿಗೆ ಬಿಟ್ಟುಕೊಡೋಣ ಎಂದು ಸೂಚನೆ ತಂದವನೂ ಅವನೇ. ರೇವಣಸಿದ್ದಪ್ಪ ಅದನ್ನು ವಿರೋಧಿಸಿದ್ದ. ಅವನಿಗೆ ಕ್ಲಬ್ಬಿನ ಮೇಲೆ ಪ್ರೀತಿಯಿತ್ತೋ ಇಲ್ಲವೋ, ನಂಜಪ್ಪ ಹೌದೆಂದದ್ದಕ್ಕೆ ಅಲ್ಲವೆನ್ನದೆ ಇರಲು ಮಾತ್ರ ಆಗುತ್ತಿರಲಿಲ್ಲ. ಏಳು ಜನರ ಕಮಿಟಿಯಲ್ಲಿ ಮೂವರು ಆ ಕಡೆ, ಮೂವರು ಈ ಕಡೆ. ಉಳಿದದ್ದು ಪದ್ಮಯ್ಯನ ಒಂದು ಓಟು.

"ಭಾನುವಾರ ತಿಪಟೂರಿನೋರ ಮೇಲೆ ಕೊನೇ ಆಟ" ಎಂದ ನಂಜಪ್ಪ. "ಆಟ ಮುಗೀತಿದ್ದಂಗೆ ಮೈದಾನದಲ್ಲೇ ಓಟು ಹಾಕೋದು. ಪೂರ್ತಿ ಕೂತು ನೋಡಿದೋರ ಓಟಿಗೆ ಮಾತ್ರ ಬೆಲೆ. ಅರ್ಧ ನೋಡಿ ಉಣ್ಣೋಕೆ ಓಡೋರದು ಲೆಕ್ಕಕ್ಕಿಲ್ಲ, ಈಗ್ಲೇ ಹೇಳಿವ್ನಿ."

ಈ ಸಲ ಯಾರೂ ನಗಲಿಲ್ಲ. ಅದು ಪದ್ಮಯ್ಯನಿಗೆ ಇನ್ನೂ ಹೆಚ್ಚಾಗಿ ನಾಟಿತು.

ಅವನು ಕೊಬ್ಬರಿ ವ್ಯಾಪಾರಕ್ಕೆಂದು ಹಳೇಬೀಡಿನ ಸೀಮೆಯಿಂದ ಅರಸೀಕೆರೆಗೆ ಬಂದಾಗ ಇಲ್ಲಿ ಒಬ್ಬರ ಪರಿಚಯವೂ ಇರಲಿಲ್ಲ. ಬಂದ ವಾರದಲ್ಲೇ ಒಂದು ಸಂಜೆ ರೈಲ್ವೆ ಮೈದಾನದ ಪಕ್ಕದಲ್ಲಿ ಸುಮ್ಮನೆ ನಿಂತಿದ್ದ. ಹಳಿಯಡಿಯ ಹಳೇ ಸ್ಲೀಪರು ಮರಗಳನ್ನು ಜೋಡಿಸಿ ಮಾಡಿದ ಬೆಂಚಿನ ಮೇಲಿಂದ ಇದೇ ನಂಜಪ್ಪ, "ಯಾಕೆ ನಿಂತ್ಕಂಡಿದ್ದೀರಿ, ಬನ್ನಿ ಕುಂತ್ಕಳಿ" ಎಂದು ಸರಿದು ಜಾಗ ಕೊಟ್ಟಿದ್ದ. ಆ ಒಂದು ಮೊಳ ಜಾಗದಿಂದಲೇ ಈ ಊರು ಅವನಿಗೆ ತನ್ನದಾಗಿತ್ತು. ಕ್ಲಬ್ಬು ಹೋದರೆ ಬೆಂಚೂ ಹೋಗುತ್ತದೆ. ಇದನ್ನೆಲ್ಲ ಬಾಯಿಬಿಟ್ಟು ಹೇಳಲು ನಾಚಿಕೆ, ಹೇಳದಿದ್ದರೆ ಇವರಿಗೆ ತಿಳಿಯುವುದಿಲ್ಲ.

ಹೇಳದೆ ಉಳಿದದ್ದು ಇನ್ನೂ ಒಂದಿತ್ತು. ಇವರೆಲ್ಲ ತಿಳಿದಂತೆ ಅವನು ಹಸಿವಿಗೆ ಹೆದರಿ ಓಡುತ್ತಿರಲಿಲ್ಲ. ಒಂದು ಹೊತ್ತು ಉಪವಾಸ ಅವನಿಗೆ ದೊಡ್ಡದಲ್ಲ. ಆದರೆ ಅವನು ತಟ್ಟೆಯ ಮುಂದೆ ಕೂರದೆ ಹೆಂಡತಿ ರಾಜಮತಿ ತುತ್ತು ಎತ್ತುತ್ತಿರಲಿಲ್ಲ. ಅವನು ತಡಮಾಡಿದರೆ ಅವಳಿಗೂ ಊಟ ತಪ್ಪುತ್ತಿತ್ತು. ಬುತ್ತಿ ಕಟ್ಟಿಸಿಕೊಂಡು ಹೋಗೋಣವೆಂದರೆ ಚಾತುರ್ಮಾಸದಲ್ಲಿ ಹೊರಗೆ ಉಣ್ಣುವ ಹಾಗಿಲ್ಲ, ಲೀಗು ನಡೆಯುವುದೂ ಸರಿಯಾಗಿ ಅದೇ ತಿಂಗಳುಗಳಲ್ಲಿ.

ಭಾನುವಾರ ಮಧ್ಯಾಹ್ನ ಹೊರಡುವಾಗ ಚಪ್ಪಲಿ ಮೆಟ್ಟುತ್ತ, "ಇವತ್ತು ಆಟ ಪೂರ್ತಿ ನೋಡಿ ಬರ್ತೀನಿ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡಿಬಿಡು" ಎಂದ.

ರಾಜಮತಿ ನೀರು ಸೋಸುತ್ತಿದ್ದಳು. ಬಟ್ಟೆಯಿಂದ ಕಣ್ಣು ಎತ್ತದೆ "ಹೂಂ" ಎಂದಳು.

"ಹೂಂ ಅಲ್ಲ. ಮಾಡ್ತೀನಿ ಅನ್ನು."

"ಹೂಂ ಅಂದ್ನಲ್ಲ."

ಆ ಹೂಂ ಎಂಥದ್ದೆಂದು ಇಪ್ಪತ್ತು ವರ್ಷ ಸಂಸಾರ ಮಾಡಿದವನಿಗೆ ಗೊತ್ತಿರದೆ ಇರುತ್ತದೆಯೇ! ರೇಗಿಕೊಂಡೇ ಸೈಕಲ್ ಹತ್ತಿದ.

ತಿಪಟೂರಿನವರ ರೈಲು ಕಾಲು ಗಂಟೆ ತಡವಾಗಿ ಬಂತು. ಆದರೂ ಆಟ ಚೆನ್ನಾಗಿಯೇ ಶುರುವಾಯಿತು. ಇಪ್ಪತ್ತನೇ ನಿಮಿಷಕ್ಕೆ ಜಂಕ್ಷನ್ನಿನವರು ಒಂದು ಗೋಲು ಹೊಡೆದರು. ಬೆಂಚಿನವರೆಲ್ಲ ಎದ್ದು ಕುಣಿದರು. ನಂಜಪ್ಪ ರೇವಣಸಿದ್ದಪ್ಪನನ್ನು ತಬ್ಬಿಕೊಂಡು, ಯಾರನ್ನು ತಬ್ಬಿದೆನೆಂದು ನೆನಪಾಗಿ ಬಿಟ್ಟ. ಅರ್ಧಕಾಲದ ಸೀಟಿ ಊದಿತು. ಎಲ್ಲರೂ ಪದ್ಮಯ್ಯನ ಕಡೆ ನೋಡಿದರು.

"ಹೊತ್ತಾಯ್ತು, ಪದ್ಮಯ್ಯನೋರೆ. ನಿಮ್ಮ ಸೈಕಲ್ಲು ಅಲ್ಲೈತೆ" ಎಂದ ರೇವಣಸಿದ್ದಪ್ಪ.

"ಇರ್ಲಿ. ನಿಂತಿರ್ಲಿ ಅದು" ಎಂದ ಪದ್ಮಯ್ಯ. ಸೂರ್ಯ ಲೋಕೋ ಶೆಡ್ಡಿನ ಚಿಮಣಿಯಿಂದ ಎರಡು ಗೇಣು ಮೇಲಿದ್ದ. ಈಗ ಹೊರಟರೂ ಊಟಕ್ಕೆ ಸಿಗಬಹುದಿತ್ತು. ಅಡುಗೆ ಮನೆಯಲ್ಲಿ ಎರಡು ತಟ್ಟೆ ಇಟ್ಟು ಕೂತವಳು ಕಣ್ಣಿಗೆ ಬಂದಳು. ಅವನು ಮೊಣಕಾಲುಗಳನ್ನು ಎರಡೂ ಕೈಯಿಂದ ಹಿಡಿದು ಕೂತೇ ಇದ್ದ.

ಎರಡನೇ ಅರ್ಧ ಶುರುವಾಗಿ ಹತ್ತು ನಿಮಿಷವೂ ಆಗಿರಲಿಲ್ಲ. ಎಡಗಡೆ ಆಡುತ್ತಿದ್ದ ಹುಡುಗ ಬಾಲು ಕಳೆದುಕೊಂಡ. ಅವನು ಮುನಿಸಿಪಾಲಿಟಿ ಮೆಂಬರರ ಅಣ್ಣನ ಮಗ, ಅದಕ್ಕೇ ಟೀಮಿಗೆ ಸೇರಿಸಿದ್ದಾರೆ ಎಂದ ನಂಜಪ್ಪ. ಮೆಂಬರು ನಮ್ಮ ಪಾರ್ಟಿ ಬಿಟ್ಟು ವರ್ಷ ಆಯಿತು ಎಂದ ರೇವಣಸಿದ್ದಪ್ಪ. ಬಿಟ್ಟು ಯಾವ ಕಾಂಗ್ರೆಸ್ಸಿಗೆ ಹೋದ, ಬೆಂಗಳೂರಿನದಕ್ಕೋ ಡೆಲ್ಲಿಯದಕ್ಕೋ? ನಿಮ್ಮ ಜನತಾ ಈಗ ಎಷ್ಟು ಚೂರಾಗಿದೆ, ಅದನ್ನು ಮೊದಲು ಹೇಳು. ಊರಿನ ನಲ್ಲಿಗೆ ವಾರಕ್ಕೊಂದು ಸಲ ನೀರು ಬಿಡುವುದು ಯಾರ ಸಾಧನೆ? ಒಬ್ಬ ಎದ್ದ. ಅವನಿಗೆ ಉತ್ತರ ಕೊಡಲು ಇನ್ನೊಬ್ಬ ಎದ್ದ. ಮೂವರು ಆ ಕಡೆ, ಮೂವರು ಈ ಕಡೆ ಎದುರುಬದುರು ನಿಂತರು. ಮೈದಾನದ ಕಡೆ ಒಬ್ಬರ ಮುಖವೂ ಇರಲಿಲ್ಲ.

"ಆಟ ನೋಡ್ರಪ್ಪಾ!" ಪದ್ಮಯ್ಯ ನಂಜಪ್ಪನ ಅಂಗಿ ಜಗ್ಗಿದ.

"ನೋಡ್ತಾ ಇವ್ನಿ ತಡೀರಿ. ಇವ್ನಿಗೊಂದು ಮಾತು ಹೇಳ್ಬಿಡ್ತೀನಿ."

ಆ ಒಂದು ಮಾತು ಮುಗಿಯಲಿಲ್ಲ. ಮೈದಾನದಲ್ಲೂ ಅದೇ ಕಥೆ ನಡೆದಿತ್ತು. ಜಂಕ್ಷನ್ ಟೀಮಿನೊಳಗೇ ಶೆಡ್ಡಿನ ಹುಡುಗರು ಪೇಟೆಯ ಹುಡುಗರನ್ನು ಬೈಯುತ್ತ ನಿಂತಿದ್ದಾಗ ತಿಪಟೂರಿನ ಇಬ್ಬರು ಅವರ ನಡುವೆಯೇ ನುಗ್ಗಿದರು. ಪಾರ್ಸೆಲ್ ಆಫೀಸಿನ ಗುಮಾಸ್ತ ಇಂದುಧರ, ಬಡಕಲು ಆಳು, ಗೋಲಿನಲ್ಲಿ ಒಬ್ಬನೇ ಇದ್ದ. ಮೊದಲ ಹೊಡೆತಕ್ಕೆ ಎದೆ ಕೊಟ್ಟು ತಡೆದ. ಹಿಂದಕ್ಕೆ ಚಿಮ್ಮಿದ ಬಾಲನ್ನು ಮಲಗಿ ಕಾಲಿನಿಂದ ತಡೆದ. ಮೂರನೆಯದು ಅವನು ಏಳುವುದರೊಳಗೆ ಒಳಗೆ ಹೋಯಿತು.

ಸೀಟಿ ಕೇಳಿದ ಮೇಲೆ ಬೆಂಚಿನವರು ತಿರುಗಿದರು.

"ಆಫ್‌ಸೈಡು! ಅಪ್ಪಟ ಆಫ್‌ಸೈಡು!" ಎಂದ ರೇವಣಸಿದ್ದಪ್ಪ.

"ನಿದ್ದೆ ಹೊಡೀತಾನೆ ಬಡ್ಡಿಮಗ" ಎಂದ ನಂಜಪ್ಪ.

ಪದ್ಮಯ್ಯ ಇಬ್ಬರ ಮುಖವನ್ನೂ ನೋಡಿದ. ಒಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಕಂಡದ್ದನ್ನೇ ಹೇಳುತ್ತಿದ್ದೇವೆಂದು ಮನಸಾರೆ ನಂಬಿದ್ದರು. ಹನ್ನೆರಡು ವರ್ಷ ಮರಿಯಣ್ಣನ ಶಾಪಿನಲ್ಲಿ ತಾನು ಬಾಯಿ ತೆರೆದು ಕೇಳಿದ ಎರಡನೇ ಅರ್ಧಗಳೆಲ್ಲ ಮೈದಾನಕ್ಕೆ ಬೆನ್ನು ಮಾಡಿ ನಿಂತವರು ಹೇಳಿದ್ದು! ಅವನಿಗೆ ಅಳಬೇಕೋ ನಗಬೇಕೋ ತಿಳಿಯದೆ ಸಿಟ್ಟು ಬಂತು.

ಆಫ್‌ಸೈಡಿನ ಮೇಲೆ ಮತ್ತೆ ವಾದ ಶುರುವಾಯಿತು. ರೆಫ್ರಿಯಿಂದ ರೈಲ್ವೆ ಮಂತ್ರಿಗೆ, ಮಂತ್ರಿಯಿಂದ ಮುಂದಿನ ಎಲೆಕ್ಷನ್ನಿಗೆ ಹೋಯಿತು. ಸೂರ್ಯ ಚಿಮಣಿಯ ಹಿಂದೆ ಇಳಿದ. ಊಟದ ಹೊತ್ತು ಕಳೆಯಿತು. ಇನ್ನು ಅವಸರವೇನೂ ಇರಲಿಲ್ಲ. ಪದ್ಮಯ್ಯ ಬೆಂಚು ಬಿಟ್ಟು ಗೆರೆಯ ಹತ್ತಿರ ಹೋಗಿ ನಿಂತ.

ಕೊನೆಯ ನಿಮಿಷದಲ್ಲಿ ಶೆಡ್ಡಿನ ಹುಡುಗನೊಬ್ಬ ತಿಪಟೂರಿನವನನ್ನು ಗೋಲಿನ ಮುಂದೆಯೇ ಕಾಲುಕೊಟ್ಟು ಬೀಳಿಸಿದ. ಪೆನಾಲ್ಟಿ. ಇಂದುಧರ ಅಂಗೈಗೆ ಉಗುಳಿಕೊಂಡು ಉಜ್ಜಿದ, ಎರಡೂ ಕಂಬವನ್ನು ಮುಟ್ಟಿ ಬಂದು ನಡುವೆ ನಿಂತ. ಅವನ ಕಣ್ಣು ಬಾಲನ್ನು ಬಿಟ್ಟು ಕದಲಲಿಲ್ಲ. ಹೊಡೆತ ಬಿತ್ತು. ಇಂದುಧರ ಬಲಕ್ಕೆ ಹಾರಿ ಎರಡೂ ಕೈ ಚಾಚಿ ಬಾಲನ್ನು ಬಾಚಿ ಹಿಡಿದು, ಎದೆಗವುಚಿಕೊಂಡು ಮಣ್ಣಿನಲ್ಲಿ ಉರುಳಿದ. ಇಡೀ ಮೈದಾನದಲ್ಲಿ ಚಪ್ಪಾಳೆ ತಟ್ಟಿದವನು ಪದ್ಮಯ್ಯ ಒಬ್ಬನೇ. ಇಂದುಧರ ತಲೆಯೆತ್ತಿ, ಯಾರಪ್ಪಾ ಇದು ಎಂಬಂತೆ ನೋಡಿದ.

"ಏನಾಯ್ತು? ಏನಾಯ್ತು?" ಎಂದು ಬೆಂಚಿನವರು ಓಡಿ ಬರುವ ಹೊತ್ತಿಗೆ ಆಟ ಮುಗಿದಿತ್ತು. ಒಂದಕ್ಕೊಂದು, ಸಮ.

ಓಟು ಹಾಕಲು ಕೈ ಎತ್ತಿಸಿದರು. ಅಂದುಕೊಂಡಂತೆಯೇ ಮೂರು, ಮೂರು.

"ಹೇಳಿ ಪದ್ಮಯ್ಯನೋರೆ. ಇವತ್ತೇನೋ ಪೂರ್ತಿ ಕೂತಿದ್ರಿ. ಮುಚ್ಚೋದೋ, ಬೇಡ್ವೋ?" ಎಂದ ನಂಜಪ್ಪ.

"ಮೊದ್ಲು ನೀನು ಒಂದು ಹೇಳು ನಂಜಪ್ಪ. ಆ ಪೆನಾಲ್ಟೀನ ಇಂದುಧರ ಯಾವ ಕಡೆ ಹಾರಿ ಹಿಡಿದ?"

ನಂಜಪ್ಪ ರೇವಣಸಿದ್ದಪ್ಪನ ಮುಖ ನೋಡಿದ. ರೇವಣಸಿದ್ದಪ್ಪ ಶಲ್ಯ ಕೊಡವಿಕೊಂಡ.

"ಪೂರ್ತಿ ನೋಡಿದೋರ ಓಟಿಗೆ ಮಾತ್ರ ಬೆಲೆ ಅಂದೋನು ನೀನೇ ಅಲ್ವೇನಯ್ಯ?" ಪದ್ಮಯ್ಯ ಸೈಕಲ್ಲಿನ ಹ್ಯಾಂಡಲ್ ಹಿಡಿದ. "ಹಾಗಿದ್ರೆ ಇಲ್ಲಿರೋದು ಒಂದೇ ಓಟು. ಕ್ಲಬ್ಬು ಇರ್ಲಿ. ಆ ಹುಡುಗನ್ನ ಇನ್ನೊಂದು ಸಲ ನಿದ್ದೆ ಹೊಡೆದ ಅಂದ್ರೆ ನಾನು ಸುಮ್ನಿರಲ್ಲ." ಉತ್ತರಕ್ಕೆ ಕಾಯದೆ ಸೈಕಲ್ಲಿನ ಸ್ಟ್ಯಾಂಡು ಒದ್ದ. ಇವನು ಯಾವ ಪಾರ್ಟಿ ಸೇರಿದ ಎಂದು ಹಿಂದೆ ಯಾರೋ ಕೇಳುತ್ತಿದ್ದುದು ಕಿವಿಗೆ ಬಿತ್ತು.

ಮನೆಗೆ ಬಂದಾಗ ಬೀದಿಯ ದೀಪ ಹತ್ತಿತ್ತು. ಒಲೆ ಆರಿತ್ತು, ಪಾತ್ರೆಗಳ ಮೇಲೆ ಮುಚ್ಚಳ ಮುಚ್ಚಿದಂತೆಯೇ ಇತ್ತು. ಎರಡು ತಟ್ಟೆಗಳೂ ತೊಳೆದಂತೆಯೇ ಗೋಡೆಗೆ ಒರಗಿದ್ದವು.

"ಊಟ ಮಾಡು ಅಂತ ಹೇಳಿರ್ಲಿಲ್ವಾ?" ಮೈದಾನದಿಂದ ತಂದ ಸಿಟ್ಟೆಲ್ಲ ಅಲ್ಲಿ ಒಡೆಯಿತು. "ಹೂಂ ಅಂದ್ಯಲ್ಲ!"

"ನೀವು ಮಾಡಿದ್ರಾ?"

ಪದ್ಮಯ್ಯ ಕಂಬಕ್ಕೆ ಒರಗಿ ಕೂತ. ಬಾಯಿ ಒಣಗಿತ್ತು. ಅವಳ ತುಟಿಯೂ ಒಣಗಿದ್ದು ಕಂಡಿತು. ತಾನು ಮಾಡಿದ್ದು ತಪ್ಪೆನಿಸಿತು. ಆದರೂ ಇನ್ನೊಂದು ಸಲ ಅದನ್ನೇ ಮಾಡುತ್ತಿದ್ದೆ ಎಂದೂ ಅನಿಸಿತು.

ರಾಜಮತಿ ಎದುರಿಗೆ ಬಂದು ಕೂತಳು. "ಹನ್ನೆರಡು ವರ್ಷದಿಂದ ಉಣ್ತಾ ಉಣ್ತಾ ಅರ್ಧ ಆಟ ಹೇಳಿದ್ದೀರಿ. ಮಿಕ್ಕಿದ್ದು ಏನಾಯ್ತು ಅಂತ ಒಂದಿನಾನೂ ಹೇಳ್ಲಿಲ್ಲ. ಮರುದಿನ ಕೇಳೋಣ ಅಂದ್ರೆ ಮುಖ ಗಂಟು ಹಾಕ್ಕೊಂಡು ಬರ್ತೀರಿ. ಇವತ್ತಾದ್ರೂ ಕೊನೆ ಹೇಳಿ."

ಅವನು ಎದ್ದು ಎರಡು ತಟ್ಟೆಗಳನ್ನೂ ತಂದು ಗೋಡೆಗೆ ಮೂರಡಿ ಅಂತರದಲ್ಲಿ ಒರಗಿಸಿದ. ಬುಟ್ಟಿಯಿಂದ ಒಂದು ನಿಂಬೆಹಣ್ಣು ತೆಗೆದುಕೊಂಡ. "ಇದು ಗೋಲು. ನೀನು ಇಲ್ಲಿ, ನಡುವೆ ಕೂತ್ಕೋ. ನೀನು ಇಂದುಧರ."

"ಬೆಂಚಿನವ್ರು?"

"ಅವ್ರು ಬೇಡ."

ರಾಜಮತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ತಟ್ಟೆಗಳ ನಡುವೆ ಕೂತಳು. ಪದ್ಮಯ್ಯ ನೆಲದ ಮೇಲೆ ನಿಂಬೆಹಣ್ಣನ್ನು ಉರುಳಿಸಿದ. ಅದು ಬಲಗಡೆಯ ತಟ್ಟೆಯ ಕಡೆಗೆ ಹೋಯಿತು. ಅವಳು ವಾಲಿ, ಎರಡೂ ಕೈ ಚಾಚಿ ಅದನ್ನು ಹಿಡಿದಳು.