ಕಬ್ಬಿಣದ ಮೊರ

ಹುಬ್ಬಳ್ಳಿಯ ಹತ್ತಿ ವ್ಯಾಪಾರಿ ಮಡಿವಾಳಪ್ಪ ಉಣಕಲ್ಲಿನ ಕೆರೆಯ ಕೆಳಗೆ, ಧಾರವಾಡದ ರಸ್ತೆಗೆ ಹತ್ತಿಕೊಂಡು, ಹತ್ತು ಗುಂಟೆ ಜಾಗ ಕೊಂಡಿದ್ದ. ತಗ್ಗಾಗಿದ್ದರಿಂದ ಸೋವಿಯಾಗಿ ಸಿಕ್ಕಿತ್ತು. ಮಳೆಗಾಲದಲ್ಲಿ ಅಲ್ಲಿ ಎಮ್ಮೆಗಳು ಕೊರಳವರೆಗೆ ಮುಳುಗಿ ಕೂಡುತ್ತಿದ್ದವು. ಈಗ ಅಲ್ಲಿ ಹತ್ತಿಯ ಅಂಡಿಗೆಗಳನ್ನು ಒಟ್ಟುವ ಅಂಗಳ ಆಗಬೇಕಿತ್ತು. ಮುಂಗಾರಿನ ಮಿರಗದ ಮಳೆಗೆ ಮುಂಚೆ ಜಾಗವನ್ನು ಮೊಣಕಾಲೆತ್ತರ ಏರಿಸಿ ಸಮ ಮಾಡಬೇಕು. ಮಣ್ಣಿಗೆ ಕೊರತೆಯಿಲ್ಲ, ಜಾಗದ ಅಂಚಿಗೇ ಒಂದು ಕೆಂಪು ದಿಬ್ಬವಿತ್ತು. ದಿಬ್ಬವನ್ನು ತಗ್ಗಿಗೆ ತಂದು ಹರಡಬೇಕು. ಯಾವುದರಿಂದ ತಂದರೆ ಕಡಿಮೆ ಖರ್ಚು ಎಂಬುದೊಂದೇ ಪ್ರಶ್ನೆ.

ಮೊದಲು ಮುಗದ ಊರಿನ ಚಕ್ಕಡಿಗಳನ್ನು ಕರೆಸಿ ನೋಡಿದ. ಐವತ್ತು ಹೆಜ್ಜೆಯ ದಾರಿಗೆ ಚಕ್ಕಡಿ ತುಂಬುವುದೇ ಒಂದು ತಾಸು. ಸಡಿಲ ಮಣ್ಣಿನಲ್ಲಿ ಗಾಲಿ ಹೂತರೆ ಎತ್ತಲು ಮತ್ತೆ ನಾಲ್ಕು ಆಳು. ಕುಂಬಾರರ ಕತ್ತೆಗಳು ಸೋವಿ, ಆದರೆ ಅವು ಮನಸ್ಸು ಬಂದಲ್ಲಿ ನಿಂತುಬಿಡುತ್ತಿದ್ದವು. ಹಳಿಯ ಮೇಲೆ ತಳ್ಳುವ ಹಳೆಯ ಡಬ್ಬಿಗಳು ಬಾಡಿಗೆಗೆ ಸಿಗುತ್ತವೆ ಎಂದು ಯಾರೋ ಹೇಳಿದರು. ಆ ಬಾಡಿಗೆ ಕೇಳಿ ಮಡಿವಾಳಪ್ಪ ಕಣ್ಣು ಮುಚ್ಚಿ ಶಿವನ ಹೆಸರು ತೆಗೆದ. ಕೊನೆಗೆ ಉಣಕಲ್ಲಿನಿಂದ ಹತ್ತು ಹೆಂಗಸರು ಬಂದರು. ಬುಟ್ಟಿ ಅವರದೇ, ತಲೆಯ ಮೇಲಿನ ಸಿಂಬಿ ಅವರದೇ, ತಲೆಯೂ ಅವರದೇ. ಒಬ್ಬೊಬ್ಬರಿಗೆ ದಿನಕ್ಕೆ ನಾಲ್ಕಾಣೆ.

ಅವರ ಮುಂದಾಳು ಕಾಳವ್ವ. ಇಬ್ಬರು ಅಗೆಯುವರು, ಏಳು ಜನ ಹೊರುವರು, ಹತ್ತನೆಯವಳು ಕಾಳವ್ವನ ತಾಯಿ ಅಕ್ಕವ್ವ. ಮೂವತ್ತು ವರ್ಷ ಹೊತ್ತು ಹೊತ್ತು ಅವಳ ಕುತ್ತಿಗೆ ಎಡಕ್ಕೆ ವಾಲಿ ಅಲ್ಲೇ ನಿಂತುಬಿಟ್ಟಿತ್ತು. ಈಗ ಅವಳು ಸುರಿದ ಮಣ್ಣನ್ನು ಹರಡುವಳು, ಬರಿಗಾಲಲ್ಲಿ. ಹಿಮ್ಮಡಿಯಿಂದ ಹೆಂಟೆ ಒಡೆದು, ಪಾದ ಅಡ್ಡ ಮಾಡಿ ದೂಡುತ್ತ ಆಚೆ ಈಚೆ ನಡೆಯುವಳು. ಅವಳು ನಡೆದ ನೆಲದಲ್ಲಿ ನೀರು ಸುರಿದರೆ ಯಾವ ಕಡೆಗೂ ಹರಿಯುತ್ತಿರಲಿಲ್ಲ. ಕೆಲಸ ನಿಧಾನ. ಆದರೆ ಆ ಗುಂಪಿನವರೆಲ್ಲರಿಗೂ ಬುಟ್ಟಿ ಎತ್ತುವುದನ್ನು ಕಲಿಸಿದವಳು ಅವಳೇ, ಆದ್ದರಿಂದ ಯಾರೂ ಗೊಣಗುತ್ತಿರಲಿಲ್ಲ. ಅಕ್ಕವ್ವ ಇರುವುದು ಮಗನ ಮನೆಯಲ್ಲಿ. ಸಂಜೆ ನಾಲ್ಕಾಣೆ ಕೈಗೆ ಬಿದ್ದ ಮೇಲೆಯೇ ಸೊಸೆ ಅವಳ ತಾಟಿಗೆ ರೊಟ್ಟಿ ಹಾಕುವಳು. ಇದನ್ನು ಸೊಸೆ ಮುಚ್ಚಿಡುತ್ತಲೂ ಇರಲಿಲ್ಲ.

ಎಂಟನೆಯ ದಿನ ಯಾಕೂಬಸಾಬ ಬಂದ. ಹಳೇ ಹುಬ್ಬಳ್ಳಿಯ ಕಮ್ಮಾರ. ಚಕ್ಕಡಿಯಲ್ಲಿ ಒಂದು ಕಬ್ಬಿಣದ ವಸ್ತು ಹೇರಿಕೊಂಡು ಬಂದಿದ್ದ. ಆಕಾರ ಮೊರದ್ದೇ, ಆದರೆ ಅದರಲ್ಲಿ ಇಬ್ಬರು ಮಲಗಬಹುದಿತ್ತು. ಹಿಂದೆ ಎರಡು ಹಿಡಿಕೆ, ಮುಂದೆ ಎತ್ತು ಕಟ್ಟಲು ಉದ್ದನೆಯ ಕೋಲು. ಹೆಂಗಸರು ಬುಟ್ಟಿ ಇಳಿಸಿ ನೋಡಿದರು.

"ಏನ್ರಿ ಸಾಬರ, ರಾಕ್ಷಸರ ಮನ್ಯಾಗ ಜೋಳಾ ಹಸನ ಮಾಡೂ ಮೊರ ಏನಿದು?" ಎಂದಳು ದಾನವ್ವ. ಗುಂಪಿನಲ್ಲಿ ಎಲ್ಲರಿಗಿಂತ ಗಟ್ಟಿಮುಟ್ಟಾದವಳು, ಬಾಯಿಯೂ ಅಷ್ಟೇ.

"ನಿಮ್ಮನ್ನ ಹಸನ ಮಾಡಾಕ ತಂದೇನವಾ," ಎಂದು ಯಾಕೂಬಸಾಬ ನಕ್ಕ. ಆಮೇಲೆ ಮಡಿವಾಳಪ್ಪನ ಕಡೆ ತಿರುಗಿದ. "ಸಾವಕಾರ್ರ, ಮೂರ ತಿಂಗಳ ಬಡದೇನಿ ಇದನ್ನ. ಎರಡ ಎತ್ತ, ಒಬ್ಬ ಆಳ. ತಾನ ಮಣ್ಣ ಗೋರತೈತಿ, ತಾನ ಎಳಕೊಂಡ ಹೋಗತೈತಿ, ತಾನ ಹರಡತೈತಿ. ಹತ್ತ ಹೆಂಗಸರ ಕೆಲಸ. ನಾಲ್ವತ್ತ ರೂಪಾಯಿ ಕೊಡ್ರಿ, ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇರತೈತಿ."

ಮಡಿವಾಳಪ್ಪ ಮೊರದ ಅಂಚನ್ನು ಬೆರಳಿನಿಂದ ತಟ್ಟಿ ನೋಡಿದ. ಅವನು ಎಂದೂ ದನಿ ಏರಿಸಿದವನಲ್ಲ. ಹಣೆಯ ತುಂಬ ವಿಭೂತಿ, ಮಾತಿನ ತುಂಬ ಮೆತ್ತಗಿನ ಜಾಣತನ.

"ನೋಡು ಯಾಕೂಬಸಾಬ, ನಿನ್ನ ಮಾತ ಖರೇನೂ ಇರಬಹುದು. ಈ ತಾಯಂದ್ರ ಮಾತೂ ಕೇಳಬೇಕಲ್ಲಪಾ. ಗುರುವಾರ ಎರಡೂ ನಡೀಲಿ. ಹತ್ತ ಹೆಜ್ಜಿ ಅಗಲ ಗೆರಿ ಹೊಡಸತೇನಿ, ಗೇಣ ದಪ್ಪ ಮಣ್ಣ ಹರವರಿ. ಹೊತ್ತ ಮುಳಗೂದರಾಗ ಯಾರ ಮುಂದ ಹೋಗತಾರೋ ಅವರ ಗೆದ್ರು. ನನ್ನ ಎತ್ತ ನಾ ಕೊಡತೇನಿ. ಪರೀಕ್ಷಾದ ದಿನಾ ಯಾರಿಗೂ ಕೂಲಿ ಇಲ್ಲ."

"ಸೋತವರ ಗತಿ ಏನ್ರಿ?" ಎಂದು ಕಾಳವ್ವ ಕೇಳಿದಳು.

"ಸೋತವರು ಮನಿಗೆ ಹೋಗೂದವಾ. ಮತ್ತೇನ ಮಾಡತಿ?"

ಆ ದಿನ ಊರಿಗೆ ಮರಳುವಾಗ ಹೆಂಗಸರು ಮಾತಾಡಿದ್ದು ಒಂದೇ ವಿಷಯ. ಮಿರಗಕ್ಕೆ ಇನ್ನೂ ಒಂದು ತಿಂಗಳಿತ್ತು, ಅಲ್ಲಿಯವರೆಗೆ ಸುತ್ತಮುತ್ತ ಬೇರೆ ಕೂಲಿ ಇಲ್ಲ. ದಾನವ್ವ ನೇರವಾಗಿ ಹೇಳಿದಳು. "ನಿನ್ನವ್ವ ಕಾಲಿಲೆ ಮಣ್ಣ ಸವರಕೋತ ಕುಂತ್ರ ಗೆದ್ದಂಗ ಬಿಡು. ನನ್ನ ತಂಗೀನ್ನ ಕರಕೊಂಡ ಬರತೇನಿ. ಹರಡೂದು ನಾವ ಒದ್ದ ಹರಡೋಣು."

ಗುರುವಾರ ಬೆಳಿಗ್ಗೆ ಕಾಳವ್ವ ತಾಯಿಯನ್ನು ಜಾಲಿಯ ಮರದ ಕೆಳಗೆ ಒಂದು ದಪ್ಪ ಕಲ್ಲಿನ ಮೇಲೆ ಕೂರಿಸಿದಳು.

"ಯವ್ವಾ, ಇವತ್ತೊಂದ ದಿನಾ ಕುಂದರ. ನಾಳಿಂದ ನಿನ್ನ ಜಾಗಾ ನಿಂದ."

"ಒಂದ ದಿನಾ ತಾನ?"

"ಒಂದ ದಿನಾ."

"ಹಂಗಾರ ಕುಂದರತೇನಿ. ಆದರ ಕಾಳೀ, ದಿಬ್ಬದ ಬುಡದ ಮಣ್ಣ ಹಸಿ ಐತಿ, ಭಾರ. ಮ್ಯಾಲಿಂದ ಅಗೀರಿ."

ಗೆಲ್ಲುವುದಕ್ಕೆ ಬೇಕಾಗಿದ್ದ ಒಂದೇ ಉಪಾಯವನ್ನು ಕೊಟ್ಟು ಅಕ್ಕವ್ವ ಕೂತಳು.

ಬೆಳಗಿನಲ್ಲಿ ಮೊರವೇ ಮುಂದಿತ್ತು. ಎತ್ತು ಹೊಡೆಯುವ ಫಕೀರಪ್ಪ ಹಿಡಿಕೆ ಒತ್ತಿದರೆ ಅದು ಬಾಯಿ ತೆರೆದು ದಿಬ್ಬವನ್ನು ಗೋರುವುದು. ತಗ್ಗಿಗೆ ಬಂದು ಮಗುಚುವುದು. ಅವನು ಅದರ ಬೆನ್ನ ಮೇಲೆ ಹತ್ತಿ ನಿಂತರೆ ಅವನ ಭಾರಕ್ಕೆ ಅಂಚು ಕಚ್ಚಿ ಮಣ್ಣನ್ನು ಸಮನಾಗಿ ಎಳೆಯುವುದು. ಯಾಕೂಬಸಾಬ ಅದರ ಪಕ್ಕದಲ್ಲೇ ನಡೆಯುತ್ತಿದ್ದ, ಮದುವೆಯ ಕುದುರೆಯ ಪಕ್ಕದಲ್ಲಿ ನಡೆಯುವ ತಂದೆಯಂತೆ. ಹೆಂಗಸರು ಓಡುತ್ತಿದ್ದರು. ಮೊದಲು ಹಾಡುತ್ತ ಓಡಿದರು, ಆಮೇಲೆ ಹಾಡು ಬಿಟ್ಟರು. ಸುರಿದ ಮಣ್ಣನ್ನು ಕಾಲಿನಿಂದ ಒದ್ದು ಹಾಗೇ ತಿರುಗಿದರು.

ಸೂರ್ಯ ನೆತ್ತಿಗೆ ಬಂದಾಗ ಮಡಿವಾಳಪ್ಪ ಕೈ ಎತ್ತಿದ.

"ಫಕೀರಪ್ಪಾ, ಎತ್ತ ಬಿಚ್ಚು. ಇಂಥಾ ಬಿಸಲಾಗ ಮೂಕ ಪ್ರಾಣಿ ದುಡಸಬಾರದು."

ಎತ್ತುಗಳನ್ನು ನೆರಳಿಗೆ ಕಟ್ಟಿದರು, ನೀರು ಕುಡಿಸಿದರು, ಮೇವು ಹಾಕಿದರು. ಯಾಕೂಬಸಾಬನ ಮುಖ ಸಣ್ಣದಾಯಿತು. ಹೆಂಗಸರಿಗೆ ಯಾರೂ ನಿಲ್ಲಿರಿ ಎನ್ನಲಿಲ್ಲ, ಅವರೂ ನಿಲ್ಲಲಿಲ್ಲ. ಎರಡು ತಾಸು ಬಿಸಿಲಿನಲ್ಲಿ ಅವರಷ್ಟೇ ನಡೆದರು. ದಾನವ್ವನ ತಂಗಿ ಒಮ್ಮೆ ವಾಂತಿ ಮಾಡಿಕೊಂಡಳು. ಅದರ ಮೇಲೆಯೇ ಮಣ್ಣು ಸುರಿದು ಮುಂದೆ ಹೋದರು. ಹೊತ್ತು ಮುಳುಗುವಾಗ ಹೆಂಗಸರ ಗೆರೆ ಮೊರದ ಗೆರೆಗಿಂತ ಎರಡು ಮೊಳ ಮುಂದಿತ್ತು.

"ಭಲೆ!" ಎಂದ ಮಡಿವಾಳಪ್ಪ. ನಿಜವಾಗಿಯೂ ಸಂತೋಷಪಟ್ಟಿದ್ದ.

ಕಾಳವ್ವ ತಾಯಿಯ ಹತ್ತಿರ ಹೋಗಿ ನೆಲಕ್ಕೆ ಬಿದ್ದಂತೆ ಕೂತಳು. ಅಕ್ಕವ್ವ ಮಗಳ ನೆತ್ತಿಯನ್ನು ಮುಟ್ಟಿ ನೋಡಿದಳು. ಸಿಂಬಿಯ ಕೆಳಗೆ ಚರ್ಮ ಸುಲಿದಿತ್ತು.

"ಗೆದ್ವಿ ಯವ್ವಾ."

"ನೋಡಿದೆ. ಅಂಕುಡೊಂಕ ಹರವೀರಿ. ನಾಳೆ ನಾ ನೆಟ್ಟಗ ಮಾಡತೇನಿ."

ಮರುದಿನ ಬೆಳಿಗ್ಗೆ ಮಡಿವಾಳಪ್ಪ ಎಲ್ಲರನ್ನೂ ಒಂದು ಕಡೆ ನಿಲ್ಲಿಸಿ ತನ್ನ ತೀರ್ಮಾನ ಹೇಳಿದ. ನಿನ್ನೆ ಹೆಂಗಸರು ಎಷ್ಟು ಉದ್ದ ಮುಗಿಸಿದರೋ ಅದೇ ಇನ್ನು ಮೇಲೆ ಒಂದು ದಿನದ ಅಳತೆ. ಅಷ್ಟಾದರೆ ಒಬ್ಬೊಬ್ಬರಿಗೆ ನಾಲ್ಕಾಣೆ, ಆಗದಿದ್ದರೆ ಇಲ್ಲ. ಆಗುತ್ತದೆ ಎಂದು ಅವರೇ ತೋರಿಸಿಕೊಟ್ಟಿದ್ದರಲ್ಲ. ಮೊರ ಸೋತಿತ್ತು, ಸೋತ ಸಾಮಾನಿಗೆ ನಲವತ್ತು ಯಾರು ಕೊಡುತ್ತಾರೆ? ಹದಿನೈದಕ್ಕೆ ಕೊಟ್ಟರೆ ಇಟ್ಟುಕೊಳ್ಳುತ್ತೇನೆ ಎಂದ. ಯಾಕೂಬಸಾಬ ಚಕ್ಕಡಿಯ ಬಾಡಿಗೆಯನ್ನೂ ಹಿಂತಿರುಗುವ ದಾರಿಯನ್ನೂ ನೆನೆದು ಕೊಟ್ಟುಬಿಟ್ಟ. ದಿನಾ ಬೆಳಿಗ್ಗೆ ಎರಡು ತಾಸು ಎತ್ತು ಬಂದು, ಹೆಂಗಸರು ಸುರಿದ ಗುಡ್ಡೆಗಳನ್ನು ಮೊರದಿಂದ ಹರಡಿ ಹೋಗುತ್ತವೆ.

"ಅಂದ್ರ ಹರಡೂ ಕೆಲಸ ನಿಮಗ ತಪ್ಪಿತು. ನಿನ್ನೆ ದುಡದಾರಲ್ಲ, ಅವರ ಹತ್ತೂ ಮಂದಿ ಬರ್ರಿ," ಎಂದ ಮಡಿವಾಳಪ್ಪ.

"ನಮ್ಮವ್ವ?" ಎಂದಳು ಕಾಳವ್ವ.

"ನಿಮ್ಮವ್ವ ನಿನ್ನೆ ಏನ ಮಾಡಿದಳವಾ?"

ಕಾಳವ್ವ ಉಳಿದವರ ಮುಖ ನೋಡಿದಳು. ದಾನವ್ವ ತನ್ನ ತಂಗಿಯ ಸೆರಗನ್ನು ಸರಿಮಾಡತೊಡಗಿದಳು. ಒಬ್ಬೊಬ್ಬರೂ ತಮ್ಮ ತಮ್ಮ ಬುಟ್ಟಿಯಲ್ಲಿ ಏನೋ ಹುಡುಕಿದರು.

ಆದರೂ ಅಕ್ಕವ್ವ ದಿನಾ ಬಂದಳು. ಮನೆಯಲ್ಲಿ ಕೂತರೆ ಕೂಲಿಗೆ ಯಾಕೆ ಹೋಗಲಿಲ್ಲ ಎಂದು ಸೊಸೆ ಕೇಳುತ್ತಾಳೆ. ಜಾಲಿಯ ಕೆಳಗೆ ಅದೇ ಕಲ್ಲಿನ ಮೇಲೆ ಕೂತು, ಮಗಳ ಬುತ್ತಿಯಲ್ಲಿ ಅರ್ಧ ರೊಟ್ಟಿ ತಿಂದು, ಸಂಜೆ ಎಲ್ಲರ ಜೊತೆ ಎದ್ದು ಹೋಗುವಳು. ಹೀಗೆ ಮೂರು ದಿನ ಹೋಯಿತು.

ನಾಲ್ಕನೆಯ ದಿನ ಸೋಮವಾರ. ಸೋಮವಾರ ಆ ಸೀಮೆಯಲ್ಲಿ ಎತ್ತಿನ ಕೊರಳಿಗೆ ಯಾರೂ ನೊಗ ಇಡುವುದಿಲ್ಲ, ಅದು ಬಸವಣ್ಣನ ದಿನ. ಮಡಿವಾಳಪ್ಪನ ಮನೆಯಲ್ಲಿ ಎತ್ತುಗಳಿಗೆ ಮೈ ತೊಳೆದು ವಿಭೂತಿ ಹಚ್ಚಿ ಬೆಲ್ಲ ತಿನ್ನಿಸಿದ್ದರು. ಫಕೀರಪ್ಪನಿಗೂ ರಜೆ. ಆದರೆ ಪಡುವಣದಲ್ಲಿ ಮೋಡ ಕಟ್ಟಿತ್ತು. ಜಾಗದ ತುಂಬ ಹರಡದ ಗುಡ್ಡೆಗಳು. ಒಂದು ಅಡ್ಡಮಳೆ ಬಿದ್ದರೆ ಸಾಕು, ಎಲ್ಲವೂ ಕೂತು ಗಟ್ಟಿಯಾಗುತ್ತವೆ. ಮಡಿವಾಳಪ್ಪ ಮೋಡವನ್ನು ನೋಡಿದ, ಮೊರವನ್ನು ನೋಡಿದ, ಹೆಂಗಸರನ್ನು ನೋಡಿದ. ಯಾಕೂಬಸಾಬನನ್ನು ಕರೆಸಿದ.

"ಇದರ ಕೋಲ ಎತ್ತಿನ ಎತ್ತರಕ್ಕ ಐತಿ. ಇವರ ಎತ್ತರಕ್ಕ ಇಳಸಾಕ ಬರತೈತೇನ?"

ಯಾಕೂಬಸಾಬ ಕೋಲಿನ ಬುಡವನ್ನು ಮುಟ್ಟಿ ನೋಡಿದ. "ಬರತೈತ್ರಿ," ಎಂದ.

ಕಾಳವ್ವನಿಗೆ ಮಾತು ತಿಳಿಯಿತು. "ಸಾವಕಾರ್ರ, ನಾವು ದನಾ ಅಲ್ರಿ."

"ಯಾರವಾ ಹಂಗಂದವರು? ದನಾ ಇದ್ರ ಇವತ್ತ ನಾ ನಿಮ್ಮನ್ನ ಮುಟ್ಟತಿದ್ದಿಲ್ಲ. ನರಕಕ್ಕ ಹೋಗತೇನಿ ಅನ್ನೂ ಅಂಜಿಕಿ ನನಗೂ ಐತಿ."

ಕಾಳವ್ವ ಜಾಲಿಯ ಕಡೆ ನೋಡಿದಳು. ಆಮೇಲೆ ಅವಳ ದನಿ ಬೇರೆಯಾಯಿತು.

"ಎಳೀತೇವ್ರಿ. ನಾಕ ಮಂದಿ ಎಳೀತೇವಿ. ಆದರ ಹರಡೂ ಮುಂದ ಮೊರದ ಮ್ಯಾಲ ಒಬ್ಬರ ನಿಂದರಬೇಕು, ಇಲ್ಲಂದ್ರ ಜಿಗೀತೈತಿ. ಫಕೀರಪ್ಪ ಇಲ್ಲ. ನಮ್ಮವ್ವ ನಿಂದರತಾಳ. ಆಕಿಗೆ ನಾಕಾಣೆ ಕೊಡ್ರಿ."

ಮಡಿವಾಳಪ್ಪ ಯೋಚಿಸಿದ. "ನಿಂದರಸು. ನೋಡೋಣು."

"ನಿಮ್ಮವ್ವನ್ನ ಮೆರವಣಿಗಿ ಮಾಡಾಕ ನಾವ ಜೀವಾ ತೇಯಬೇಕೇನ?" ಎಂದು ದಾನವ್ವ ಗೊಣಗಿದಳು. ಆದರೂ ಬಂದು ನಿಂತಳು. ಬರದಿದ್ದರೆ ಅವಳ ಜಾಗಕ್ಕೆ ಬರುವವರು ಊರಲ್ಲಿ ಬಹಳ ಜನರಿದ್ದರು.

ಯಾಕೂಬಸಾಬ ಕಿಸೆಯಿಂದ ದಾರ ತೆಗೆದು ಕಾಳವ್ವನ ಹೆಗಲಿನಿಂದ ನೆಲದವರೆಗೆ ಹಿಡಿದ. ಅವಳ ಮುಖ ನೋಡಲಿಲ್ಲ. "ನೆಟ್ಟಗ ನಿಂದ್ರವಾ. ಬಗ್ಗಿದರ ಅಳತಿ ತಪ್ಪತೈತಿ." ಕೋಲನ್ನು ಕಳಚಿ, ಬಾಗಿಸಿ, ಮತ್ತೆ ಜೋಡಿಸಿ, ಅಡ್ಡಪಟ್ಟಿಗೆ ಹಳೆಯ ಗೋಣಿಚೀಲ ಸುತ್ತಿದ. ಗೋಣಿಗೆ ಅವನು ದುಡ್ಡು ಕೇಳಲಿಲ್ಲ.

ಅಕ್ಕವ್ವ ಮೊರದ ಬೆನ್ನ ಮೇಲೆ ಹತ್ತಿದಳು. ವಾಲಿದ ಕುತ್ತಿಗೆಯನ್ನು ಆದಷ್ಟು ನೆಟ್ಟಗೆ ಮಾಡಿ ಹಿಡಿಕೆ ಹಿಡಿದಳು. ನಾಲ್ಕು ದಿನಗಳ ಮೇಲೆ ಅವಳ ಕಾಲು ಕೆಲಸದ ಮೇಲಿತ್ತು. "ಎಳೀರಿ ನನ ಮಕ್ಕಳ್ರ್ಯಾ," ಎಂದಳು, ನಗುತ್ತಲೇ.

ಎಳೆದರು. ಮೊದಲ ಗುಡ್ಡೆಗೆ ತಾಗಿದಾಗ ಮೊರ ಜಿಗಿಯಿತು. ಅಕ್ಕವ್ವ ಮೊಣಕಾಲೂರಿ ಅಂಚಿಗೆ ಮೈಯೊತ್ತಿದಳು. ಎರಡನೆಯ ಗುಡ್ಡೆಯ ಮೇಲೂ ಅದು ಜಿಗಿದು ಸುಮ್ಮನೆ ಜಾರಿಹೋಯಿತು. ಮಣ್ಣು ಇದ್ದಲ್ಲೇ ಇತ್ತು. ಕಾಳವ್ವ ಹಿಂದಕ್ಕೆ ತಿರುಗಿ, "ಯವ್ವಾ, ಒತ್ತ!" ಎಂದು ಕಿರಿಚಿದಳು. "ಒತ್ತಾಕತ್ತೇನಿ," ಎಂದಳು ಅಕ್ಕವ್ವ. ಒತ್ತಲು ಅವಳಲ್ಲಿ ಏನೂ ಉಳಿದಿರಲಿಲ್ಲ.

ಮಡಿವಾಳಪ್ಪ ಬೇಸರದಿಂದಲೇ ಕೈ ಮಾಡಿದ. "ಇಳಸವಾ ಆಕಿನ್ನ. ಪಾಪ, ತೂಕ ಇಲ್ಲ. ಆ ಜಾಲಿ ಬುಡದಾಗಿನ ಕಲ್ಲ ತಂದ ಇಡ್ರಿ. ಅದಕ್ಕ ನಾಕಾಣೇನೂ ಬೇಕಾಗಿಲ್ಲ."

ಇಬ್ಬರು ಹೋಗಿ ಕಲ್ಲನ್ನು ಉರುಳಿಸಿಕೊಂಡು ಬಂದರು. ಅಕ್ಕವ್ವ ನಿಂತಿದ್ದ ಜಾಗದಲ್ಲಿ ಅದು ಸರಿಯಾಗಿ ಕೂತಿತು. ಈ ಸಲ ಮೊರ ಜಿಗಿಯಲಿಲ್ಲ. ಮಣ್ಣು ಅದರ ಮುಂದೆ ಉರುಳಿ ಒಡೆದು, ಹಿಂದೆ ಹಾಸಿದ ಕಂಬಳಿಯಂತೆ ಸಮವಾಗಿ ಬಂತು.

"ಛಲೋ ಹೊಂಟೈತಿ ನೋಡ್ರಿ," ಎಂದ ಯಾಕೂಬಸಾಬ, ತಡೆಯಲಾರದೆ. ತನ್ನ ಮೊರ ಕೆಲಸ ಮಾಡುವುದನ್ನು ಅವನು ಎಂದಿಗೂ ಅಷ್ಟು ಚಂದವಾಗಿ ಕಂಡಿರಲಿಲ್ಲ.

ಕೂಡಲು ಕಲ್ಲಿಲ್ಲದ ಅಕ್ಕವ್ವ ಜಾಲಿಯ ಕಡೆ ಎರಡು ಹೆಜ್ಜೆ ಹೋಗಿ ನಿಂತಳು. ಆಮೇಲೆ ರಸ್ತೆಯ ಕಡೆ ತಿರುಗಿದಳು. ಹತ್ತಿರದ ದಾರಿ ಆಗಷ್ಟೇ ಹರಡಿದ ಮಣ್ಣಿನ ಮೇಲೇ ಇತ್ತು. ಅದರ ಮೇಲೆಯೇ ನಡೆದಳು. ನಡೆಯುತ್ತ ನಡೆಯುತ್ತ ಒಂದು ಹೆಂಟೆ ಕಂಡು ಹಿಮ್ಮಡಿಯಿಂದ ಒಡೆದಳು. ಹೆಗಲ ಮೇಲೆ ಪಟ್ಟಿ ಇದ್ದ ಕಾಳವ್ವನಿಗೆ ಪೂರ್ತಿ ತಿರುಗಲು ಆಗಲಿಲ್ಲ. ತಾಯಿ ರಸ್ತೆ ಮುಟ್ಟಿದ ಮೇಲೆ, ಧಾರವಾಡದ ಬಸ್ಸಿನ ಧೂಳಿನಲ್ಲಿ, ಒಂದು ಸಲ ಕಂಡಳು.

"ಏ ಕಾಳವ್ವಾ," ಎಂದ ಮಡಿವಾಳಪ್ಪ, ಎಂದಿನ ಮೆತ್ತಗಿನ ದನಿಯಲ್ಲಿ. "ಹಸೀ ಮಣ್ಣಿನ ಮ್ಯಾಲ ಹೆಜ್ಜಿ ಮೂಡ್ಯಾವ ನೋಡು. ಮಳಿ ನೀರ ಅಲ್ಲೇ ನಿಂದರತೈತಿ. ಅದರ ಮ್ಯಾಲೊಂದ ಸಲ ಎಳದಬಿಡ್ರಿ."

ನಾಲ್ವರೂ ಮೊರವನ್ನು ತಿರುಗಿಸಿದರು. ಕಲ್ಲಿನ ಭಾರಕ್ಕೆ ಅಂಚು ನೆಲವನ್ನು ಕಚ್ಚಿತು. ಹೆಜ್ಜೆಗಳು ರಸ್ತೆಯವರೆಗೂ ಇದ್ದವು. ಕೊನೆಯದು ಅಳಿಸುವವರೆಗೆ ಎಳೆದರು.