ಹನ್ನೆರಡು ಗಡ್ಡೆ, ಒಂದು ಮುಳ್ಳುಹಂದಿ

೧೯೬೧ರ ಏಪ್ರಿಲ್ ೨೮, ಶುಕ್ರವಾರ, ಬೆಳಗ್ಗೆ ಆರೂಕಾಲು ಗಂಟೆ. ಪ್ರೇಮಾವತಿಯ ಅಂಗಳದಲ್ಲಿ ಒಂಬತ್ತು ಮೇ ಲಿಲ್ಲಿ ಅರಳಿದ್ದವು. ಓಣಿಯ ಈಚೆ ಲೋಲಾಕ್ಷಿಯ ಅಂಗಳದಲ್ಲಿ ಒಂದೂ ಇರಲಿಲ್ಲ.

ಲೋಲಾಕ್ಷಿ ಹಲ್ಲುಜ್ಜುವುದನ್ನು ನಿಲ್ಲಿಸಿ ಇನ್ನೊಮ್ಮೆ ಎಣಿಸಿದಳು. ಒಂಬತ್ತೇ. ಎಲೆಯಿಲ್ಲದ ಬೋಳು ದಂಟಿನ ತುದಿಯಲ್ಲಿ ಬೊಗಸೆ ತುಂಬುವಷ್ಟು ದೊಡ್ಡ ಕೆಂಪು ಚೆಂಡುಗಳು. ಮಾಣಿ ಪೇಟೆಯ ಬಸ್ಸಿಗೆ ಹೊರಟವರು ನಿಂತು ನೋಡಿಯೇ ಮುಂದೆ ಹೋಗುತ್ತಿದ್ದರು.

ಎರಡು ಮನೆಗೂ ಗಡ್ಡೆ ಬಂದದ್ದು ಒಂದೇ ಬುಟ್ಟಿಯಿಂದ. ಹಿಂದಿನ ಜೂನಿನಲ್ಲಿ ವ್ಯಾಪಾರಿ ಅಬೂಬಕ್ಕರ್ ಮೂಡಬಿದಿರೆಯಿಂದ ತಂದಿದ್ದ. ಲೋಲಾಕ್ಷಿ ಮೊದಲು ಕೈಹಾಕಿ ದಪ್ಪನೆಯ ಹನ್ನೆರಡನ್ನು ಆರಿಸಿಕೊಂಡಿದ್ದಳು. ತಳದಲ್ಲಿ ಉಳಿದ ಹನ್ನೊಂದು ಸಣ್ಣವು ಪ್ರೇಮಾವತಿಗೆ ಸಿಕ್ಕಿದವು. ಅವಳು ನಾರಾವಿಯಿಂದ ಗಂಡನೊಂದಿಗೆ ಬಂದು ಗುಡ್ಡದ ಮೇಲಿನ ಈ ಕಲ್ಲುಬಯಲಿನಲ್ಲಿ, ಈ ಪದವಿನಲ್ಲಿ, ಮನೆ ಮಾಡಿ ಆಗ ವರ್ಷವೂ ಆಗಿರಲಿಲ್ಲ.

ಲೋಲಾಕ್ಷಿಯ ಸಂಕಟ ಬರೀ ಹೂವಿನದ್ದಲ್ಲ. ಪತ್ತನಾಜೆಯ ದಿನ, ಅಂದರೆ ಮೇ ಇಪ್ಪತ್ತನಾಲ್ಕರ ಹೊತ್ತಿಗೆ, ಊರಿನವರು ಸೌತೆ, ಕುಂಬಳದ ಬೀಜ ಹಾಕುತ್ತಾರೆ. ಮೊದಲ ಬೀಜವನ್ನು ಕೈಗುಣ ಇದ್ದವರಿಂದಲೇ ಹಾಕಿಸಬೇಕು. ಪದವಿನ ದೊಡ್ಡ ಮನೆಯ ಪೂವಮ್ಮ ಹದಿನಾಲ್ಕು ವರ್ಷದಿಂದ ಲೋಲಾಕ್ಷಿಯನ್ನೇ ಕರೆಯುತ್ತಿದ್ದಳು. ಆ ಮನೆಯಲ್ಲಿ ಹಾಕಿದವಳನ್ನೇ ಉಳಿದ ಮನೆಯವರೂ ಕರೆಯುತ್ತಿದ್ದರು. ಪತ್ತನಾಜೆಗೆ ಇನ್ನು ಇಪ್ಪತ್ತಾರು ದಿನ ಇತ್ತು.

ಎಂಟು ಗಂಟೆಗೆ ಪೂವಮ್ಮನೇ ಓಣಿಯಲ್ಲಿ ಬಂದು ನಿಂತಳು.

"ಈ ಕಲ್ಲಿನ ಮೇಲೆ ಇಷ್ಟು ಹೂವಾ ಪ್ರೇಮಾ! ನಿನ್ನ ಕೈ ಬಹಳ ಒಳ್ಳೆಯದುಂಟು ಮಾರಾಯ್ತಿ." ಆಮೇಲೆ ಈಚೆ ತಿರುಗಿದಳು. "ನಿನ್ನದು ಇನ್ನೂ ಏಳಲಿಲ್ಲವಾ ಲೋಲಾಕ್ಷಿ?"

"ನಾಳೆಯೋ ನಾಡಿದ್ದೋ ಏಳ್ತದೆ ಪೂವಮ್ಮಕ್ಕ. ದಪ್ಪ ಗಡ್ಡೆಯಲ್ಲವಾ, ಸ್ವಲ್ಪ ತಡ."

ಹೇಳುವಾಗಲೇ ಅವಳಿಗೆ ಅಳುಕಿತ್ತು. ಅವಳೇನು ಕಡಿಮೆ ಮಾಡಿದ್ದಳು? ಆ ಪದವಿನಲ್ಲಿ ಒಂದು ಗೇಣು ಮಣ್ಣು ಕೆದಕಿದರೆ ಗಟ್ಟಿ ಕೆಂಪು ಮುರಕಲ್ಲು. ಗಂಡನಿಗೆ ದುಂಬಾಲು ಬಿದ್ದು ಆ ಕಲ್ಲಿನಲ್ಲಿ ಹನ್ನೆರಡು ಗುಂಡಿ ಕೊರೆಸಿದ್ದಳು. ಇಡೀ ಬೇಸಗೆ ಕೆಳಗಿನ ಬಾವಿಯಿಂದ ಎರಡೆರಡು ಕೊಡಪಾನ ನೀರು ಹೊತ್ತು ತಂದು, ಬಸಳೆಗೆ ಹಾಕುವ ಹಾಗೆ ಸೆಗಣಿ ನೀರು ಬೆರೆಸಿ ಹಾಕಿದ್ದಳು. ಪ್ರೇಮಾವತಿಯೋ, ಅಂಗಳದ ಕಲ್ಲುಗೋಡೆಯ, ಪಾಗಾರದ, ಬುಡದಲ್ಲಿ ಜಲ್ಲಿಮಣ್ಣು, ಸುಡುಮಣ್ಣು ರಾಶಿ ಹಾಕಿ, ಗಡ್ಡೆ ಹುಗಿದು, ಮಳೆ ನಿಂತ ಮೇಲೆ ಅತ್ತ ತಿರುಗಿಯೂ ನೋಡಿರಲಿಲ್ಲ. ಸೋಮಾರಿ ಎಂದು ಲೋಲಾಕ್ಷಿ ಆಗ ಮನಸ್ಸಿನಲ್ಲೇ ನಕ್ಕಿದ್ದಳು.

ಆ ಮಧ್ಯಾಹ್ನ ಓಣಿಯಲ್ಲಿ ಜನ ಇಲ್ಲದ್ದು ನೋಡಿ ಅವಳು ಹಾರೆ ತೆಗೆದುಕೊಂಡು ಮೊದಲ ಗುಂಡಿ ಕೆದಕಿದಳು. ಗಡ್ಡೆ ಇದ್ದಲ್ಲಿ ಕಪ್ಪು ಲೋಳೆ. ಎರಡನೆಯದೂ ಹಾಗೇ. ಹನ್ನೆರಡೂ ಕೊಳೆತಿದ್ದವು. ಮುರಕಲ್ಲಿನ ಗುಂಡಿ ಮರದ ಮರಿಗೆಯ ಹಾಗೆ ನೀರು ಹಿಡಿದಿಟ್ಟಿತ್ತು.

ಲೋಳೆಯನ್ನು ಬಾಳೆಯೆಲೆಯಲ್ಲಿ ಕಟ್ಟಿ ತಗ್ಗಿನ ಹಳ್ಳದ ತೋಡಿಗೆ ಎಸೆದಳು. ಗುಂಡಿಗಳನ್ನು ಹಾಗೇ ಬಾಯಿ ತೆರೆದು ಬಿಟ್ಟಳು. ಮರುದಿನ ಬೆಳಗ್ಗೆ ಅಂಗಳದಲ್ಲಿ ನಿಂತು ಬೊಬ್ಬೆ ಹಾಕಿದಳು.

"ಅಯ್ಯೋ, ಮುಳ್ಳುಹಂದಿ ತಿಂದು ಹೋಯಿತು! ಮೊಗ್ಗು ಬಂದಿತ್ತು, ಹನ್ನೆರಡರಲ್ಲೂ ಮೊಗ್ಗು ಬಂದಿತ್ತು!"

ಮೊದಲು ಓಡಿ ಬಂದವಳು ಪ್ರೇಮಾವತಿ. ಬರಿಗೈಯಲ್ಲಿ ಬರಲಿಲ್ಲ, ಸೆರಗಿನಲ್ಲಿ ನಾಲ್ಕು ಮರಿಗಡ್ಡೆ ತಂದಿದ್ದಳು.

"ಬೇಸರ ಮಾಡಬೇಡಿ ಲೋಲಾಕ್ಷಕ್ಕ. ಇವನ್ನು ನೆಡಿ. ಮೂರು ವರ್ಷದೊಳಗೆ ಹೂ ಬಿಡ್ತದೆ. ಒಂದೇ ಮಾತು, ದೀಪಾವಳಿ ಕಳೆದು ಎಲೆ ಹಳದಿಯಾದ ಮೇಲೆ ಒಂದು ತೊಟ್ಟೂ ನೀರು ಹಾಕಬೇಡಿ. ಅದು ಮಲಗುವ ಹೊತ್ತು. ನಮ್ಮಮ್ಮ ನಾರಾವಿಯಲ್ಲಿ ಹಾಗೇ ಮಾಡುವುದು."

ಆ ನಾಲ್ಕು ಗಡ್ಡೆ ಲೋಲಾಕ್ಷಿಯ ಅಂಗೈಯನ್ನು ಕೆಂಡದ ಹಾಗೆ ಸುಟ್ಟವು. ಇದನ್ನು ಹೋದ ವರ್ಷವೇ ಹೇಳಬಹುದಿತ್ತಲ್ಲ ಎಂದು ಮೊದಲು ಸಿಟ್ಟು ಬಂತು. ಆಮೇಲೆ, ತಾನು ಕೇಳಿರಲಿಲ್ಲ ಎಂದು ನೆನಪಾಗಿ ಸಿಟ್ಟು ಇನ್ನೂ ಹೆಚ್ಚಾಯಿತು.

ಅಷ್ಟರಲ್ಲಿ ಪೂವಮ್ಮ ಬಂದಳು. ಅವಳ ಹಿಂದೆ ನೋಣಯ್ಯ. ಹರೆಯದಲ್ಲಿ ಬೆಳ್ತಂಗಡಿಯ ಕಾಡಿನಲ್ಲಿ ಬೇಟೆಯಾಡಿದ್ದ ಮುದುಕ. ಅವನು ಕುಕ್ಕರಗಾಲಲ್ಲಿ ಕೂತು ಒಂದು ಗುಂಡಿಯ ಅಂಚನ್ನು ಬೆರಳಿಂದ ಸವರಿದ. ಮಣ್ಣು ಮೂಸಿದ. ಸುತ್ತ ನೋಡಿದ, ಒಂದು ಮುಳ್ಳೂ ಬಿದ್ದಿರಲಿಲ್ಲ.

"ಲೋಲಾಕ್ಷೀ, ಈ ಮುಳ್ಳುಹಂದಿಗೆ ಹಾರೆ ಹಿಡಿಯಲು ಯಾರು ಕಲಿಸಿದ್ದು?"

ಪೂವಮ್ಮ ನಗಲಿಲ್ಲ. ಲೋಲಾಕ್ಷಿಯ ಮುಖವನ್ನೇ ನೋಡಿದಳು.

ಪ್ರೇಮಾವತಿ ನಡುವೆ ಬಾಯಿ ಹಾಕಿದಳು. "ಲೋಲಾಕ್ಷಕ್ಕನೇ ಬೆಳಗ್ಗೆ ಕೆದಕಿ ನೋಡಿರಬಹುದು ನೋಣಯ್ಯಣ್ಣ. ಏನಾದರೂ ಉಳಿದುಂಟಾ ಅಂತ."

"ಹೌದೌದು," ಎಂದ ನೋಣಯ್ಯ. "ಎದುರಿನ ಪಾಗಾರದಲ್ಲಿ ಒಂಬತ್ತು ಹೂ ಇರುವಾಗ ಅದನ್ನು ಮುಟ್ಟದೆ ಈ ಕೊಳೆತದ್ದನ್ನೇ ತಿಂದಿತಲ್ಲ, ಪಾಪದ ಹಂದಿ!"

ಪ್ರೇಮಾವತಿ ತನ್ನ ಪರವಾಗಿ ಮಾತಾಡಿದ್ದನ್ನು ಲೋಲಾಕ್ಷಿಗೆ ಸಹಿಸಲು ಆಗಲಿಲ್ಲ. ನೋಣಯ್ಯನ ಮಾತು ಅದಕ್ಕಿಂತ ಎಷ್ಟೋ ಮೇಲು. "ನಿನ್ನನ್ನು ಯಾರು ಕೇಳಿದ್ದು?" ಎಂದು ಪ್ರೇಮಾವತಿಗೆ ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಗಡ್ಡೆಗಳು ಮಾತ್ರ ಕೈಯಲ್ಲೇ ಇದ್ದವು.

ಮೇ ೨೪ರಂದು ಪೂವಮ್ಮನ ಗದ್ದೆಯಲ್ಲಿ ಮೊದಲ ಸೌತೆ ಬೀಜ ಹಾಕಿದವಳು ಪ್ರೇಮಾವತಿ. ಆ ವರ್ಷ ಉಳಿದ ಆರು ಮನೆಯವರೂ ಅವಳನ್ನೇ ಕರೆದರು.

ನಾಲ್ಕು ಮರಿಗಡ್ಡೆಯನ್ನು ಲೋಲಾಕ್ಷಿ ಓಣಿಗೆ ಕಾಣದ ಹಾಗೆ ದನದ ಹಟ್ಟಿಯ ಹಿಂದೆ ಜಲ್ಲಿಮಣ್ಣಿನ ರಾಶಿಯಲ್ಲಿ ನೆಟ್ಟಳು. ದೀಪಾವಳಿಯ ನಂತರ ನೀರು ಹಾಕಲಿಲ್ಲ. ೧೯೬೩ರ ಮೇ ೨ರಂದು ಅವುಗಳಲ್ಲಿ ಮೂರು ಅರಳಿದವು. ಅವಳು ಯಾರಿಗೂ ಹೇಳಲಿಲ್ಲ.